ಅರ್ಧ ಆದಾಯದ ಫೈಲು: ಮೈಸೂರಿನಿಂದ ಸ್ಪೇನ್‌ಗೆ ಒಂದು ರಿಮೋಟ್ ವರ್ಕ್ ವೀಸಾ ಪ್ರಕರಣ

ಅರ್ಜಿದಾರರ ಹೆಸರು ಬೇಡ. ಊರು ಮಂಡ್ಯ, ಮನೆ ಮೈಸೂರಿನ ಕುವೆಂಪುನಗರ, ವಯಸ್ಸು ಮೂವತ್ತನಾಲ್ಕು. ವಿಟಿಯುನಲ್ಲಿ ಬಿ.ಇ. ಮಾಡಿದವರು. ಜರ್ಮನಿಯ ಒಂದು ಕಂಪನಿಗೆ ಮನೆಯಲ್ಲೇ ಕೂತು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿಕೊಡುತ್ತಾರೆ. ನೌಕರಿ ಅಲ್ಲ, ಕಾಂಟ್ರಾಕ್ಟ್. ತಿಂಗಳಿಗೆ 3,600 ಯೂರೋಗೆ ಇನ್‌ವಾಯ್ಸ್ ಹಾಕುತ್ತಾರೆ. ಹೆಂಡತಿ ಇಲ್ಲೇ ಒಂದು ಶಾಲೆಯಲ್ಲಿ ಟೀಚರ್, ನಾಲ್ಕು ವರ್ಷದ ಮಗಳಿದ್ದಾಳೆ. ಸ್ಪೇನ್‌ನ ವೆಲೆನ್ಸಿಯಾದಲ್ಲಿ ಕಾಲೇಜಿನ ಗೆಳೆಯನಿದ್ದಾನೆ. ಒಂದೆರಡು ವರ್ಷ ಅಲ್ಲಿದ್ದು ಇದೇ ಕೆಲಸ ಮುಂದುವರಿಸೋಣ ಅಂತ ಆಸೆ.

2025ರ ಜನವರಿಯಲ್ಲಿ ಸರಸ್ವತಿಪುರಂನ ನಮ್ಮ ಆಡಿಟ್ ಆಫೀಸಿಗೆ ಇವರು ಬಂದದ್ದು ಸಣ್ಣ ಕೆಲಸಕ್ಕೆ. ಐಟಿಆರ್, ಅಂದರೆ ಆದಾಯ ತೆರಿಗೆ ರಿಟರ್ನ್‌ನ ಕಾಪಿಗಳಿಗೆ ಸೀಲ್ ಹಾಕಿಸಿಕೊಂಡು ಹೋಗಬೇಕಿತ್ತು, ಬೆಂಗಳೂರಿನ ಏಜೆಂಟ್ ಕೇಳಿದ್ದನಂತೆ. ರಿಟರ್ನ್ ನಾವು ಹಾಕಿದ್ದಲ್ಲ, ಇವರೇ ಆನ್‌ಲೈನ್‌ನಲ್ಲಿ ತುಂಬಿದ್ದು. ತೆಗೆದು ನೋಡಿದರೆ 2023-24ರ ಆದಾಯ 18 ಲಕ್ಷ. ವರ್ಷವಿಡೀ ಬಂದ ದುಡ್ಡು 36 ಲಕ್ಷ. ತಪ್ಪೇನೂ ಆಗಿರಲಿಲ್ಲ. ಆದರೆ ಆ ಕಾಗದ ಹಾಗೇ ಕಾನ್ಸುಲೇಟ್‌ಗೆ ಹೋದರೆ ವೀಸಾ ಕಷ್ಟ ಅಂತ ಅಲ್ಲೇ ಹೇಳಿದೆ.

ಕಾರಣ ಹೇಳುವ ಮೊದಲು ಸ್ಪೇನ್ ಏನು ಕೇಳುತ್ತದೆ ನೋಡೋಣ. 2022ರ ಡಿಸೆಂಬರ್‌ನಲ್ಲಿ ಅಲ್ಲಿ ಸ್ಟಾರ್ಟಪ್ ಕಾಯ್ದೆ ಅಂತ ಬಂತು, ನಂಬರ್ 28/2022. ಹೊರದೇಶದ ಕಂಪನಿಗೆ ಕೆಲಸ ಮಾಡುವವರು ಸ್ಪೇನ್‌ನಲ್ಲಿ ಕೂತು ಅದನ್ನು ಮುಂದುವರಿಸಲು ಅದರಲ್ಲಿ ದಾರಿ ಮಾಡಿಕೊಟ್ಟರು. ಡಿಗ್ರಿ ಇರಬೇಕು, ಇಲ್ಲವೇ ಮೂರು ವರ್ಷದ ಅನುಭವ. ಕೆಲಸ ಕೊಡುವ ಕಂಪನಿ ಶುರುವಾಗಿ ಕನಿಷ್ಠ ಒಂದು ವರ್ಷ ಆಗಿರಬೇಕು, ಅವರ ಜೊತೆಗಿನ ಸಂಬಂಧಕ್ಕೆ ಕನಿಷ್ಠ ಮೂರು ತಿಂಗಳಾಗಿರಬೇಕು. ಕಾಂಟ್ರಾಕ್ಟ್ ಮೇಲೆ ದುಡಿಯುವವರು ಸ್ಪೇನ್‌ನ ಗಿರಾಕಿಗಳಿಗೂ ಸ್ವಲ್ಪ ಕೆಲಸ ಮಾಡಬಹುದು, ಆದರೆ ಒಟ್ಟು ಕೆಲಸದ 20 ಶೇಕಡಾ ಮೀರುವಂತಿಲ್ಲ. ಆರೋಗ್ಯ ವಿಮೆ, ಪೊಲೀಸ್ ಕ್ಲಿಯರೆನ್ಸ್ ಮಾಮೂಲಿ. ಎಲ್ಲಕ್ಕಿಂತ ದೊಡ್ಡದು ಆದಾಯ: ಅಲ್ಲಿನ ಕನಿಷ್ಠ ವೇತನದ ಎರಡರಷ್ಟು.

ಏಜೆಂಟ್ ಮೊದಲು ಜಪಾನ್ ಅಂದಿದ್ದನಂತೆ. ಜಪಾನ್ 2024ರ ಮಾರ್ಚ್ ಕೊನೆಯಲ್ಲಿ ಇಂಥದೊಂದು ವೀಸಾ ಶುರು ಮಾಡಿದ್ದು ನಿಜ. ಆದರೆ ಅದು ಕೆಲವು ದೇಶಗಳ ಪಾಸ್‌ಪೋರ್ಟ್ ಇದ್ದವರಿಗೆ ಮಾತ್ರ. ಆ ಪಟ್ಟಿಯಲ್ಲಿ ಭಾರತ ಇಲ್ಲ. ಪಟ್ಟಿ ನೋಡದೆ ಅಡ್ವಾನ್ಸ್ ಇಸ್ಕೊಳ್ಳೋ ಏಜೆಂಟ್ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಪೋರ್ಚುಗಲ್‌ ಕೂಡ ನೋಡಿದೆವು. ಅವರು ಕನಿಷ್ಠ ವೇತನದ ನಾಲ್ಕರಷ್ಟು ಕೇಳುತ್ತಾರೆ. 2025ಕ್ಕೆ ಅದು 870 ಯೂರೋ, ಅಂದರೆ ತಿಂಗಳಿಗೆ 3,480. ಇವರದು 3,600. ಒಂದು ತಿಂಗಳು ಇನ್‌ವಾಯ್ಸ್ ಕಮ್ಮಿಯಾದರೂ ಸರಾಸರಿ ಕೆಳಗೆ ಬಂದುಬಿಡುತ್ತದೆ. ಸ್ಪೇನೇ ಇರಲಿ ಅಂತ ತೀರ್ಮಾನವಾಯಿತು.

ಏಜೆಂಟ್ ಇನ್ನೊಂದು ಅಡ್ಡದಾರಿಯನ್ನೂ ಹೇಳಿಕೊಟ್ಟಿದ್ದ. ಟೂರಿಸ್ಟ್ ವೀಸಾದಲ್ಲಿ ಹೋಗಿಬಿಡಿ, ಅಲ್ಲಿಂದಲೇ ಅರ್ಜಿ ಹಾಕಿ, ಮೂರು ವರ್ಷದ ಪರ್ಮಿಟ್ ಸಿಗುತ್ತದೆ ಅಂತ. ಸ್ಪೇನ್ ಒಳಗೆ ಕಾನೂನುಬದ್ಧವಾಗಿ ಇರುವವರು ಅಲ್ಲಿಂದ ಅರ್ಜಿ ಹಾಕಬಹುದು, ಮೂರು ವರ್ಷದವರೆಗೆ ಪರ್ಮಿಟ್ ಕೊಡುತ್ತಾರೆ, ಅದು ಸುಳ್ಳಲ್ಲ. ಕಾನ್ಸುಲೇಟ್ ಕೊಡುವ ವೀಸಾ ಹೆಚ್ಚೆಂದರೆ ಒಂದು ವರ್ಷಕ್ಕೆ. ಆದರೆ ವೀಸಾ ಇಲ್ಲದೆ ಯುರೋಪಿಗೆ ಕಾಲಿಡಬಲ್ಲ ಪಾಸ್‌ಪೋರ್ಟಿನವರ ಮಾತು ಬೇರೆ, ನಮ್ಮದು ಬೇರೆ. ನಮ್ಮವರು ಟೂರಿಸ್ಟ್ ವೀಸಾ ಕೇಳುವಾಗಲೇ ಯಾಕೆ ಹೋಗ್ತೀರಿ, ಯಾವಾಗ ವಾಪಸ್ ಬರ್ತೀರಿ ಅಂತ ಬರೆದು ಕೊಡಬೇಕು. ಹೋಗಿ ಉಳಿಯೋ ಮನಸ್ಸಿಟ್ಟುಕೊಂಡು ಹದಿನೈದು ದಿನದ ಪ್ರವಾಸ ಅಂತ ಬರೆಯೋದು ನನಗೆ ಒಪ್ಪಿಗೆಯಾಗಲಿಲ್ಲ. ಇವರಿಗೂ ಆಗಲಿಲ್ಲ.

ಈಗ ಅರ್ಧ ಆದಾಯದ ವಿಷಯ.

1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 44ಎಡಿಎ ಅಂತ ಒಂದು ಸೆಕ್ಷನ್ ಇದೆ. ಡಾಕ್ಟರು, ವಕೀಲರು, ಎಂಜಿನಿಯರು, ಟೆಕ್ನಿಕಲ್ ಕನ್ಸಲ್ಟೆಂಟ್ ಇಂಥವರು ಲೆಕ್ಕದ ಪುಸ್ತಕ ಇಡದೆ, ಬಂದದ್ದರಲ್ಲಿ ಅರ್ಧ ಲಾಭ ಅಂತ ತೋರಿಸಿ ತೆರಿಗೆ ಕಟ್ಟಬಹುದು. ಮಿತಿ 50 ಲಕ್ಷ. ನಗದು ವ್ಯವಹಾರ 5 ಶೇಕಡಾ ಮೀರದಿದ್ದರೆ 75 ಲಕ್ಷ. ಮೈಸೂರಿನಲ್ಲಿ ಮನೆಯಿಂದ ಕೆಲಸ ಮಾಡುವ ಫ್ರೀಲ್ಯಾನ್ಸರ್‌ಗಳಲ್ಲಿ ಬಹಳ ಜನ ಇದನ್ನೇ ಹಿಡಿದುಕೊಂಡಿದ್ದಾರೆ. ಕಾನೂನಿನಲ್ಲಿರೋದು 'ಅರ್ಧ, ಅಥವಾ ನಿಜವಾಗಿ ಗಳಿಸಿದ್ದೇನೆ ಅಂತ ಹೇಳಿಕೊಳ್ಳುವ ಅದಕ್ಕಿಂತ ಹೆಚ್ಚಿನ ಮೊತ್ತ' ಅಂತ. ಆ ಎರಡನೇ ಭಾಗವನ್ನು ಯಾರೂ ಓದುವುದಿಲ್ಲ.

ತೆರಿಗೆ ಇಲಾಖೆಗೆ ಇದು ಸರಿ. ಮುಂಬೈನ ಸ್ಪೇನ್ ಕಾನ್ಸುಲೇಟ್‌ನಲ್ಲಿ ಕೂತ ಅಧಿಕಾರಿಗೆ 44ಎಡಿಎ ಗೊತ್ತಿರಬೇಕಾಗಿಲ್ಲ. ಅವರಿಗೆ ಕಾಣುವುದು ವರ್ಷಕ್ಕೆ 18 ಲಕ್ಷ, ಅಂದರೆ ತಿಂಗಳಿಗೆ ಒಂದೂವರೆ ಲಕ್ಷ. ಆಗಿನ ದರದಲ್ಲಿ, ಯೂರೋಗೆ ಸುಮಾರು 90 ರೂಪಾಯಿ ಅಂತಿಟ್ಟುಕೊಂಡರೆ, 1,700 ಯೂರೋ ಕೂಡ ಆಗುವುದಿಲ್ಲ. ಕಾಂಟ್ರಾಕ್ಟ್ 3,600 ಅನ್ನುತ್ತದೆ, ಸರ್ಕಾರಕ್ಕೆ ಕೊಟ್ಟ ಲೆಕ್ಕ 1,700 ಅನ್ನುತ್ತದೆ. ಯಾವುದನ್ನು ನಂಬಬೇಕು?

ಇಷ್ಟರಲ್ಲಿ ಸ್ಪೇನ್ ಕಡೆಯ ಲೆಕ್ಕವೂ ಜಾರಿತು. ಏಜೆಂಟ್ ಬರೆದುಕೊಟ್ಟಿದ್ದು 2024ರ ಅಂಕಿ, 2,646 ಯೂರೋ. ಫೆಬ್ರುವರಿಯಲ್ಲಿ ಸ್ಪೇನ್ ಸರ್ಕಾರ ಕನಿಷ್ಠ ವೇತನ ಏರಿಸಿತು, ಅದೂ ಜನವರಿ 1ರಿಂದಲೇ ಲೆಕ್ಕಕ್ಕೆ ಬರುವ ಹಾಗೆ. ಹೊಸದು 1,184 ಯೂರೋ. ಅಲ್ಲಿ ಕನಿಷ್ಠ ವೇತನವನ್ನು ವರ್ಷಕ್ಕೆ 14 ಕಂತಿನ ಮೇಲೆ ಲೆಕ್ಕ ಹಾಕುತ್ತಾರೆ. 14ರಿಂದ ಗುಣಿಸಿ, 12ರಿಂದ ಭಾಗಿಸಿ, ಎರಡರಷ್ಟು ಮಾಡಿದರೆ 2,763 ಆಗುತ್ತದೆ. ಇಲ್ಲೇ ಬಹಳ ಜನ ಎಡವುತ್ತಾರೆ. 1,184ರ ಎರಡರಷ್ಟು 2,368 ಅಂತ ಹಾಕಿಕೊಂಡು ನೆಮ್ಮದಿಯಾಗಿರುತ್ತಾರೆ. ಹೆಂಡತಿಯೂ ಬಂದರೆ ಕನಿಷ್ಠ ವೇತನದ ಇನ್ನೊಂದು 75 ಶೇಕಡಾ, ಮಗುವಿಗೆ 25 ಶೇಕಡಾ. ಮೂವರಿಗೂ ಸೇರಿ 4,144 ಬೇಕು. ಇವರ ಹತ್ತಿರ ಇರುವುದು 3,600. ಹೆಂಡತಿಗೆ ಮಾತ್ರ ಅಂದರೂ 3,799, ಅದಕ್ಕೂ ಸಾಲದು.

ಹಾಗಾಗಿ ಮೊದಲು ಇವರೊಬ್ಬರೇ ಹೋಗಲಿ, ಸಂಸಾರದ ಅರ್ಜಿ ಆಮೇಲೆ ಅಂತ ಸಲಹೆ ಕೊಟ್ಟೆ. ಇದನ್ನು ಮನೆಯಲ್ಲಿ ಹೇಳಲು ಇವರು ಒಂದು ವಾರ ತೆಗೆದುಕೊಂಡರು. ಹೇಳಿದ ದಿನವೇ ಹೆಂಡತಿ ಆಫೀಸಿಗೆ ಬಂದು 14 ಕಂತಿನ ಲೆಕ್ಕವನ್ನು ನನ್ನ ಕೈಲಿ ಇನ್ನೊಂದು ಸಲ ಹಾಕಿಸಿ, ಮೊಬೈಲ್‌ನಲ್ಲಿ ತಾವೂ ಹಾಕಿ ನೋಡಿ, "ಸರಿ ಸರ್, ಇವರೇ ಹೋಗಲಿ" ಅಂದರು.

ಐಟಿಆರ್‌ಗೆ ಎರಡು ದಾರಿ ಇತ್ತು. ಒಂದು, ಹಳೇ ರಿಟರ್ನ್ ಹಾಗೇ ಇಟ್ಟು, ಒಟ್ಟು ಜಮೆ ಎಷ್ಟು ಅಂತ ಆಡಿಟರ್ ಸರ್ಟಿಫಿಕೇಟ್ ಕೊಡುವುದು. ಎರಡು, ಮಾರ್ಚ್ ಮುಗಿಯುವವರೆಗೆ ಕಾದು 2024-25ರ ರಿಟರ್ನ್‌ನಲ್ಲಿ ನಿಜವಾದ ಲಾಭವನ್ನೇ ತೋರಿಸಿ, ಆಮೇಲೆ ಅರ್ಜಿ ಹಾಕುವುದು. ಅರ್ಜಿದಾರರಿಗೆ ಮೊದಲನೇ ದಾರಿ ಇಷ್ಟ. "ನಿವ್ವಳ ಲಾಭ 30 ಲಕ್ಷ ಅಂತ ಸರ್ಟಿಫಿಕೇಟ್ ಕೊಟ್ಬಿಡಿ ಸರ್, ನಿಜಾನೇ ಅಲ್ವಾ?" ಅಂದರು. ನಿಜ ಇರಬಹುದು. ಆದರೆ ಸರ್ಕಾರಕ್ಕೆ 18 ಅಂತ ಬರೆದುಕೊಟ್ಟ ವರ್ಷಕ್ಕೆ ನಾನು 30 ಅಂತ ಸಹಿ ಹಾಕುವುದಿಲ್ಲ. 2019ರಿಂದ ಈಚೆಗೆ ನಾವು ಕೊಡುವ ಪ್ರತಿ ಸರ್ಟಿಫಿಕೇಟಿಗೂ ಯುಡಿಐಎನ್ ಅಂತ 18 ಅಂಕಿಯ ಒಂದು ನಂಬರ್ ಬೀಳುತ್ತದೆ. ಯಾರು ಬೇಕಾದರೂ ಅದನ್ನು ಆನ್‌ಲೈನ್‌ನಲ್ಲಿ ಹಾಕಿ ನೋಡಬಹುದು, ಕಾನ್ಸುಲೇಟೂ ನೋಡಬಹುದು, ತೆರಿಗೆ ಇಲಾಖೆಯೂ ನೋಡಬಹುದು. ಒಟ್ಟು ಜಮೆಗೆ ಸರ್ಟಿಫಿಕೇಟ್ ಕೊಡ್ತೀನಿ, ಲಾಭಕ್ಕೆ ಹಳೇ ವರ್ಷದ್ದು ಕೊಡಲ್ಲ ಅಂದೆ.

ಎರಡನೇ ದಾರಿಗೆ ದುಡ್ಡು ಬೇಕು. 2024-25ರಲ್ಲಿ ಬಂದದ್ದು ಸುಮಾರು 39 ಲಕ್ಷ. ಅರ್ಧ ತೋರಿಸಿದರೆ 19.5 ಲಕ್ಷ, ಹೊಸ ತೆರಿಗೆ ಪದ್ಧತಿಯಲ್ಲಿ ಸೆಸ್ ಸೇರಿ ತೆರಿಗೆ ಸುಮಾರು 2.86 ಲಕ್ಷ. ಲ್ಯಾಪ್‌ಟಾಪು, ಇಂಟರ್ನೆಟ್, ಸಾಫ್ಟ್‌ವೇರ್ ಲೈಸೆನ್ಸ್ ಎಲ್ಲಾ ಕಳೆದು ನಿಜವಾದ ಲಾಭ 33 ಲಕ್ಷ ತೋರಿಸಿದರೆ ಸುಮಾರು 7.07 ಲಕ್ಷ. ಹತ್ತಿರ ಹತ್ತಿರ 4.2 ಲಕ್ಷ ಜಾಸ್ತಿ. ಅಡ್ವಾನ್ಸ್ ಟ್ಯಾಕ್ಸ್ ಕಮ್ಮಿ ಕಟ್ಟಿದ್ದಕ್ಕೆ ಬಡ್ಡಿ ಬೇರೆ.

ಈ ಅಂಕಿ ಕೇಳಿ ಮಂಡ್ಯದಿಂದ ತಂದೆಯವರೇ ಬಂದರು. ಸಕ್ಕರೆ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು. ಊರ ಹತ್ತಿರ ಒಂದಿಷ್ಟು ಕಬ್ಬಿನ ಗದ್ದೆ ಇದೆ. ಕುರ್ಚಿ ಎಳೆದುಕೊಂಡು ನೇರವಾಗಿ ಕೇಳಿದರು:

"ಆಡಿಟ್ರೇ, ಕಟ್ಟೋ ಹಂಗಿಲ್ದಿದ್ದ ತೆರಿಗೆನ ಸುಮ್ನೆ ಕಟ್ಟಿ ಅಂತೀರಲ್ಲ, ಏನಿದು?"

"ಸುಮ್ನೆ ಅಲ್ಲ ಯಜಮಾನ್ರೇ. ಸಂಪಾದನೆ ಮಾಡಿದ್ದಕ್ಕೇ ಕಟ್ಟೋದು."

"ಅದ್ಕೇ ನಾನು ಅವನ ಅಕೌಂಟಿಗೆ ಎಂಟು ಲಕ್ಷ ಹಾಕಿದೀನಿ. ಬ್ಯಾಂಕಲ್ಲಿ ದುಡ್ಡು ಜಾಸ್ತಿ ಕಂಡ್ರೆ ವೀಸಾ ಕೊಡ್ತಾರಂತೆ."

ಆ ಎಂಟು ಲಕ್ಷದ ವಿಷಯ ನನಗೆ ಗೊತ್ತಾದದ್ದು ಆಗಲೇ. ಸ್ಟೇಟ್‌ಮೆಂಟ್ ತೆಗೆಸಿ ನೋಡಿದರೆ ಪ್ರತಿ ತಿಂಗಳೂ ಮೂರು ಲಕ್ಷ ಚಿಲ್ಲರೆ ಬಂದು ಬೀಳುವ ಸಾಲುಗಳ ನಡುವೆ ಒಂದೇ ದಿನ ಎಂಟು ಲಕ್ಷ. ಈ ವೀಸಾ ಕೇಳುವುದು ತಿಂಗಳ ದುಡಿಮೆಯನ್ನು, ಕೂಡಿಟ್ಟ ಗಂಟನ್ನಲ್ಲ. ಇದ್ದಕ್ಕಿದ್ದಂತೆ ಬಂದ ದೊಡ್ಡ ಮೊತ್ತ ಸಾಲ ತಂದು ತೋರಿಸಿದ ಹಾಗೆ ಕಾಣುತ್ತದೆ. ವಾಪಸ್ ಹಾಕಿಸಬೇಡಿ, ಅದು ಇನ್ನೊಂದು ಅನುಮಾನ ಆಗುತ್ತದೆ ಅಂತ ಹೇಳಿ, ತಂದೆ ಮಗನಿಗೆ ಕೊಟ್ಟ ಉಡುಗೊರೆ ಅಂತ ಒಂದು ಪತ್ರ ಬರೆಸಿ, ಅವರ ಪಾಸ್‌ಬುಕ್ಕಿನ ಪ್ರತಿ ಜೊತೆಗಿಟ್ಟೆವು. ತಂದೆ ಮಗನಿಗೆ ಕೊಟ್ಟ ದುಡ್ಡಿಗೆ ತೆರಿಗೆ ಬರುವುದಿಲ್ಲ ಅಂದಾಗ ಯಜಮಾನರ ಮುಖ ಸ್ವಲ್ಪ ಸಡಿಲವಾಯಿತು. 4.2 ಲಕ್ಷದ ಬಗ್ಗೆ ಅವರು ಕೊನೆಗೂ ಒಪ್ಪಲಿಲ್ಲ. ಮಗ ಒಪ್ಪಿದರು.

ಆ ವರ್ಷ ರಿಟರ್ನ್ ಫಾರಂಗಳು ತಡವಾಗಿ ಬಂದವು, ಕೊನೇ ದಿನವನ್ನೂ ಜುಲೈ 31ರಿಂದ ಸೆಪ್ಟೆಂಬರ್‌ಗೆ ತಳ್ಳಿದರು. ನಾವು ಜೂನ್‌ನಲ್ಲೇ ಹಾಕಿ ಮುಗಿಸಿದೆವು.

ಇನ್ನು ದುಡ್ಡು ಬರುವ ದಾರಿ. ಜರ್ಮನಿಯ ಕಂಪನಿ ನೇರವಾಗಿ ಬ್ಯಾಂಕಿಗೆ ಕಳಿಸುವುದಿಲ್ಲ. ನಡುವೆ ಒಂದು ಪೇಮೆಂಟ್ ಸಂಸ್ಥೆ ಇದೆ. ಮೈಸೂರಿನ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಅದರ ಹೆಸರು ಮಾತ್ರ, ಅದೂ ಮೊಟಕಾಗಿ, ರೂಪಾಯಿಯಲ್ಲಿ, ಎನ್‌ಇಎಫ್‌ಟಿ ಅಂತ. ಕಾಂಟ್ರಾಕ್ಟ್ ಒಬ್ಬರ ಜೊತೆ, ದುಡ್ಡು ಇನ್ನೊಬ್ಬರಿಂದ. ಹೊರಗಿನವರು ಓದಿದರೆ ಇದು ಜರ್ಮನಿಯ ದುಡ್ಡು ಅಂತ ಹೇಳುವುದು ಹೇಗೆ?

ಇದಕ್ಕೆ ಮದ್ದು ಎಫ್‌ಐಆರ್‌ಎ, ಅಂದರೆ ಹೊರದೇಶದಿಂದ ಹಣ ಬಂದದ್ದಕ್ಕೆ ಕೊಡುವ ಸಲಹಾಪತ್ರ. ಪ್ರತಿ ಪಾವತಿಗೂ ಒಂದೊಂದು ತೆಗೆಸಿದೆವು. ಅದರಲ್ಲಿ ಕಳಿಸಿದವರ ಹೆಸರು, ಯೂರೋ ಮೊತ್ತ, ಪರಿವರ್ತನೆ ದರ, ದುಡ್ಡು ಯಾಕೆ ಬಂತು ಅಂತ ಹೇಳುವ ಪಿ0802 ಅನ್ನುವ ಪರ್ಪಸ್ ಕೋಡ್ ಇರುತ್ತವೆ. ಸಾಫ್ಟ್‌ವೇರ್ ಕನ್ಸಲ್ಟೆನ್ಸಿಯ ಕೋಡ್ ಅದು. ಆಮೇಲೆ ಒಂದೇ ಹಾಳೆಯಲ್ಲಿ ಒಂದು ಪಟ್ಟಿ ಮಾಡಿದೆ. ಎಡಗಡೆ ಇನ್‌ವಾಯ್ಸ್ ನಂಬರು, ಮಧ್ಯದಲ್ಲಿ ಎಫ್‌ಐಆರ್‌ಎ ನಂಬರು ಮತ್ತು ಯೂರೋ, ಬಲಗಡೆ ಬ್ಯಾಂಕಿನಲ್ಲಿ ಜಮೆಯಾದ ತಾರೀಕು ಮತ್ತು ರೂಪಾಯಿ. ಸ್ಟೇಟ್‌ಮೆಂಟಿನ ಆ ಸಾಲುಗಳ ಪಕ್ಕ ಪೆನ್ಸಿಲ್‌ನಲ್ಲಿ ಅದೇ ಕ್ರಮಸಂಖ್ಯೆ. ಜಿಎಸ್‌ಟಿ ರಿಟರ್ನ್‌ನಲ್ಲಿ ರಫ್ತು ಅಂತ ತೋರಿಸಿದ ಮೊತ್ತವೂ ಇದಕ್ಕೆ ತಾಳೆಯಾಯಿತು. ಈ ಫೈಲಿನಲ್ಲಿ ನನಗೆ ತೃಪ್ತಿ ಕೊಟ್ಟ ಕಾಗದ ಅಂದರೆ ಇದೇ. ಯಾವ ಕಾನ್ಸುಲೇಟೂ ಇದನ್ನು ಕೇಳುವುದಿಲ್ಲ. ಆದರೆ ಇದಿಲ್ಲದೆ ಉಳಿದ ಕಾಗದಗಳು ಒಂದಕ್ಕೊಂದು ಮಾತಾಡುವುದಿಲ್ಲ.

ಹೆಸರಿನ ತೊಡಕು ಹಳೇ ಮೈಸೂರು ಕಡೆಯವರಿಗೆಲ್ಲಾ ಗೊತ್ತಿರೋದೇ. ಡಿಗ್ರಿಯಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್, ಒಂದು ಊರಿನದು, ಒಂದು ಅಪ್ಪನದು. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಪೂರ್ತಿಯಾಗಿ ಸರ್‌ನೇಮ್ ಜಾಗದಲ್ಲಿ, ಊರು ಮಾಯ. ಬ್ಯಾಂಕಿನಲ್ಲಿ ಇನಿಷಿಯಲ್ ಹಿಂದಕ್ಕೆ ಹೋಗಿದೆ. ಸ್ಪೇನ್‌ನಲ್ಲಿ ಒಬ್ಬೊಬ್ಬರಿಗೂ ಎರಡೆರಡು ಸರ್‌ನೇಮ್ ಇರುವ ವಾಡಿಕೆ. ಅವರಿಗೆ ನಮ್ಮ ಇನಿಷಿಯಲ್ ಲೆಕ್ಕ ಅರ್ಥ ಮಾಡಿಸುವುದು ಕಷ್ಟ. ಈ ಮೂವರೂ ಒಬ್ಬರೇ ಅಂತ ನೋಟರಿ ಮುಂದೆ ಅಫಿಡವಿಟ್ ಮಾಡಿಸಿ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಜೊತೆಗಿಟ್ಟೆವು.

ಪೊಲೀಸ್ ಕ್ಲಿಯರೆನ್ಸ್‌ಗೆ ಬೆಂಗಳೂರಿಗೆ ಹೋಗಬೇಕಾಗಲಿಲ್ಲ. ದೇಶದಲ್ಲಿ ಮೊದಲು ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ಶುರುವಾದದ್ದು ಮೈಸೂರು ಮತ್ತು ಗುಜರಾತಿನ ದಾಹೋದ್‌ನಲ್ಲಿ, 2017ರ ಜನವರಿಯಲ್ಲಿ. ಈ ಸರ್ಟಿಫಿಕೇಟಿನ ಅರ್ಜಿಯನ್ನೂ ಅಂಚೆ ಕಚೇರಿ ಕೇಂದ್ರಗಳಲ್ಲಿ ತೆಗೆದುಕೊಳ್ಳಲು 2022ರ ಸೆಪ್ಟೆಂಬರ್‌ನಲ್ಲಿ ಶುರು ಮಾಡಿದರು. ಸ್ಟೇಷನ್‌ನಿಂದ ವಿಚಾರಣೆಗೆ ಬಂದರು, ಪಕ್ಕದ ಮನೆಯವರ ಸಹಿ ತಗೊಂಡರು, ಬಂತು.

ಎಡವಟ್ಟಾದದ್ದು ಆಮೇಲೆ. ಕಾಗದವನ್ನು ಮೊದಲು ಸ್ಪ್ಯಾನಿಷ್‌ಗೆ ಅನುವಾದ ಮಾಡಿಸಿ, ಆಮೇಲೆ ದೆಹಲಿಯ ವಿದೇಶಾಂಗ ಸಚಿವಾಲಯದ ಅಪಾಸ್ಟಿಲ್‌ಗೆ, ಅಂದರೆ ಕಾಗದ ಅಸಲಿ ಅಂತ ಹೊರದೇಶದವರಿಗೆ ದೃಢಪಡಿಸುವ ಮುದ್ರೆಗೆ, ಕಳಿಸಿದ್ದರು. ಅದು ಹಿಂದುಮುಂದು. ಅಪಾಸ್ಟಿಲ್ ಮೊದಲು ಬೀಳಬೇಕು, ಯಾಕೆಂದರೆ ಅಪಾಸ್ಟಿಲ್‌ನಲ್ಲಿರುವ ಬರಹವೂ ಅನುವಾದದಲ್ಲಿ ಬರಬೇಕು. ಅನುವಾದ ಮಾಡುವವರೂ ಸ್ಪೇನ್‌ನ ವಿದೇಶಾಂಗ ಸಚಿವಾಲಯ ಮಾನ್ಯ ಮಾಡಿದವರೇ ಆಗಬೇಕು. ಭಾಷೆ ಬರೋರೆಲ್ಲಾ ಮಾಡಿಕೊಟ್ಟರೆ ನಡೆಯಲ್ಲ. ಪುಟದ ಲೆಕ್ಕದಲ್ಲಿ ದುಡ್ಡು ಎರಡನೇ ಸಲ ಹೋಯಿತು. ಡಿಗ್ರಿಗೆ ಮಾತ್ರ ಈ ಗೊಂದಲ ಆಗಲಿಲ್ಲ. ಅದಕ್ಕೆ ಮೊದಲು ರಾಜ್ಯದ ದೃಢೀಕರಣ, ಆಮೇಲೆ ಅಪಾಸ್ಟಿಲ್, ಕೊನೆಗೆ ಅನುವಾದ ಅಂತ ಗೋಡೆ ಮೇಲೆ ಚೀಟಿ ಅಂಟಿಸಿಕೊಂಡಿದ್ದರು.

ಆಗ ಕರ್ನಾಟಕದವರ ಅರ್ಜಿ ಹೋಗುತ್ತಿದ್ದದ್ದು ಮುಂಬೈ ಕಾನ್ಸುಲೇಟ್‌ಗೆ. 2024ರ ಅಕ್ಟೋಬರ್‌ನಲ್ಲಿ ಸ್ಪೇನ್ ಪ್ರಧಾನಿ ಪೆದ್ರೊ ಸಾಂಚೆಸ್ ಭಾರತಕ್ಕೆ ಬಂದಾಗ ಬೆಂಗಳೂರಿನಲ್ಲೂ ಒಂದು ಕಾನ್ಸುಲೇಟ್ ತೆರೆಯುವ ತೀರ್ಮಾನ ಹೇಳಿದ್ದರು. ನಮ್ಮ ಫೈಲಿಗೆ ಅದರ ಲಾಭ ಸಿಗಲಿಲ್ಲ. ಜುಲೈನಲ್ಲಿ ಅರ್ಜಿ ಕೊಟ್ಟೆವು. ಕಾನೂನಿನ ಪ್ರಕಾರ ಹತ್ತು ದಿನದಲ್ಲಿ ತೀರ್ಮಾನ ಆಗಬೇಕು, ಆದರೆ ಕಾಗದ ಕಮ್ಮಿ ಅಂದರೆ ಗಡಿಯಾರ ನಿಲ್ಲುತ್ತದೆ.

ನಿಂತಿತು. ಕೇಳಿದ್ದು ಆದಾಯದ ಬಗ್ಗೆ ಅಲ್ಲ. ಜರ್ಮನಿಯ ಕಂಪನಿಯ ಪತ್ರದ ಬಗ್ಗೆ. ಅವರ ಮ್ಯಾನೇಜರ್ ಕೊಟ್ಟದ್ದು ಎರಡು ಸಾಲು: ಇವರು ನಮ್ಮ ಕಾಂಟ್ರಾಕ್ಟರ್, ಎಲ್ಲಿಂದ ಬೇಕಾದರೂ ಕೆಲಸ ಮಾಡಬಹುದು. 'ಎಲ್ಲಿಂದ ಬೇಕಾದರೂ' ಸಾಲದು, 'ಸ್ಪೇನ್‌ನಿಂದ' ಅಂತ ಇರಬೇಕು. ಯಾವತ್ತಿನಿಂದ ಕಾಂಟ್ರಾಕ್ಟ್, ಎಷ್ಟು ಮೊತ್ತ, ಏನು ಕೆಲಸ, ಎಲ್ಲವೂ ಬೇಕು. ಕಂಪನಿ ಒಂದು ವರ್ಷದಿಂದ ನಡೆಯುತ್ತಿದೆ ಅನ್ನುವುದಕ್ಕೆ ದಾಖಲೆಯೂ ಬೇಕು. ಸರಿಪಡಿಸಲು ಕೊಟ್ಟದ್ದು ಹತ್ತು ದಿನ.

ಕಂಪನಿಯ ದಾಖಲೆ ಸುಲಭ. ಜರ್ಮನಿಯ ವಾಣಿಜ್ಯ ನೋಂದಣಿ ಪುಸ್ತಕ 2022ರ ಆಗಸ್ಟ್‌ನಿಂದ ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಪತ್ರವೇ ಕಷ್ಟವಾದದ್ದು. ಅಲ್ಲಿನ ವಕೀಲರಿಗೆ ಭಯ. ಜಾಸ್ತಿ ಬರೆದುಕೊಟ್ಟರೆ ಇವರು ಕಾಂಟ್ರಾಕ್ಟರ್ ಅಲ್ಲ, ನೌಕರ ಅಂತ ನಾಳೆ ಯಾರಾದರೂ ಅಂದುಬಿಟ್ಟರೆ? ಹಾಗಾದರೆ ಸಾಮಾಜಿಕ ಭದ್ರತೆಯ ಹೊಣೆ ಕಂಪನಿ ಮೇಲೆ ಬರುತ್ತದೆ. ಅವರ ಭಯದಲ್ಲಿ ಅರ್ಥ ಇತ್ತು. ಸ್ಪೇನ್‌ಗೆ ಹೋದ ಮೇಲೆ ಸ್ವಂತ ಉದ್ಯೋಗಿಯಾಗಿ ಅಲ್ಲಿ ನೋಂದಾಯಿಸಿಕೊಳ್ಳುತ್ತೇನೆ, ಸಾಮಾಜಿಕ ಭದ್ರತೆಯ ಕಂತು ನಾನೇ ಕಟ್ಟುತ್ತೇನೆ ಅಂತ ಇವರು ಬರೆದುಕೊಟ್ಟರು. ಹೊಸಬರಿಗೆ ಮೊದಲ ವರ್ಷ ತಿಂಗಳಿಗೆ 80 ಯೂರೋ ಆಸುಪಾಸಿನ ರಿಯಾಯಿತಿ ಕಂತು ಇದೆ. ಆ ಮುಚ್ಚಳಿಕೆ ನೋಡಿದ ಮೇಲೆ ವಕೀಲರು ಅರ್ಧ ಪುಟದ ಪತ್ರಕ್ಕೆ ಒಪ್ಪಿದರು. ಇವರು ನೌಕರರಾಗಿದ್ದಿದ್ದರೆ ಈ ಗಂಟು ಇಷ್ಟು ಸುಲಭಕ್ಕೆ ಬಿಚ್ಚುತ್ತಿರಲಿಲ್ಲ. ಇಲ್ಲಿ ಪಿಎಫ್ ಕಟ್ಟುವವರಿಗೆ ಹೊರದೇಶದ ಕಂತಿನಿಂದ ವಿನಾಯಿತಿ ಸಿಗಲು ಎರಡು ದೇಶಗಳ ನಡುವೆ ಒಪ್ಪಂದ ಇರಬೇಕು. ಪೋರ್ಚುಗಲ್ ಜೊತೆ 2017ರಿಂದ ಇದೆ. ಸ್ಪೇನ್ ಆ ಪಟ್ಟಿಯಲ್ಲಿಲ್ಲ.

ಆಗಸ್ಟ್ ಕೊನೆಯಲ್ಲಿ ವೀಸಾ ಬಂತು, ಒಂದು ವರ್ಷಕ್ಕೆ.

ಆಮೇಲೆ ಶುರುವಾದದ್ದು ದಸರಾ ಜಗಳ. 2025ರಲ್ಲಿ ದಸರಾ ಸೆಪ್ಟೆಂಬರ್ 22ಕ್ಕೆ ಶುರು, ಜಂಬೂ ಸವಾರಿ ಅಕ್ಟೋಬರ್ 2. ಮಗಳಿಗೆ ಆನೆ ತೋರಿಸಿಯೇ ಹೋಗಬೇಕು ಅಂತ ಮನೆಯವರು. ಆದರೆ ತೆರಿಗೆ ಲೆಕ್ಕಕ್ಕೆ ಅದು ತಡ. ಏಪ್ರಿಲ್ 1ರಿಂದ ಎಣಿಸಿದರೆ ಸೆಪ್ಟೆಂಬರ್ 29ಕ್ಕೆ 182 ದಿನ ತುಂಬುತ್ತದೆ. ಅಷ್ಟರೊಳಗೆ ಹೊರಟು, ಆ ಆರ್ಥಿಕ ವರ್ಷದಲ್ಲಿ ಮತ್ತೆ ಬರದಿದ್ದರೆ ಅನಿವಾಸಿ. ಉಳಿದುಬಿಟ್ಟರೆ ಇಡೀ ವರ್ಷ ನಿವಾಸಿ, ಸ್ಪೇನ್‌ನಲ್ಲಿ ದುಡಿದದ್ದಕ್ಕೂ ಇಲ್ಲಿ ಲೆಕ್ಕ ಕೊಡಬೇಕು. ಉದ್ಯೋಗಕ್ಕೆ ಹೋಗುವವರಿಗೆ ಈ 182 ದಿನದ ಸೌಲಭ್ಯ. ಸ್ವಂತ ಉದ್ಯೋಗವೂ ಅದರಲ್ಲಿ ಸೇರುತ್ತದೆ ಅಂತ ಕೇರಳ ಹೈಕೋರ್ಟ್ ಹೇಳಿದೆ. ಟಿಕೆಟ್ 24ಕ್ಕೆ ಮಾಡಿಸಿದರು. ತಾಲೀಮಿಗೆ ಬಂದ ಆನೆಗಳನ್ನು ಮಗಳಿಗೆ ಮೊದಲೇ ತೋರಿಸಿಕೊಂಡು ಬಂದರಂತೆ.

ಇನ್ನೂ ಮುಗಿಯದ ಕೆಲಸಗಳಿವೆ. ಅನಿವಾಸಿಯಾದರೂ ದುಡ್ಡು ಮೈಸೂರಿನ ಖಾತೆಗೇ ನೇರವಾಗಿ ಬಂದು ಬಿದ್ದರೆ ಭಾರತದಲ್ಲಿ ಪಡೆದದ್ದು ಅಂತ ಇಲ್ಲಿ ತೆರಿಗೆ ಬೀಳುತ್ತದೆ. ಹಾಗಾಗಿ ಸ್ಪೇನ್‌ನಲ್ಲಿ ಖಾತೆ ತೆರೆದು ಕಂಪನಿಗೆ ಆ ನಂಬರ್ ಕೊಡಬೇಕು. ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ಖಾತೆ, ಮಾಡಿಸಬೇಕು. ಸೇವೆ ಕೊಡುವವರು ಭಾರತದಲ್ಲಿದ್ದರೆ ಮಾತ್ರ ಜಿಎಸ್‌ಟಿಯಲ್ಲಿ ಅದು ರಫ್ತು. ಅಲ್ಲಿ ಕೂತು ಮಾಡಿದ ಕೆಲಸಕ್ಕೆ ಇಲ್ಲಿನ ನಂಬರಿನ ಇನ್‌ವಾಯ್ಸ್ ಹಾಕುವಂತಿಲ್ಲ, ನೋಂದಣಿ ರದ್ದು ಮಾಡಿಸಬೇಕು.

ಹೆಂಡತಿ, ಮಗಳ ಅರ್ಜಿ ಕಾಂಟ್ರಾಕ್ಟ್ ನವೀಕರಣಕ್ಕೆ ಕಾಯುತ್ತಿದೆ. ಜನವರಿಯಲ್ಲಿ ಇವರು 4,200 ಯೂರೋ ಕೇಳಬೇಕು ಅಂತಿದ್ದರು. ಅಷ್ಟರಲ್ಲಿ ಸ್ಪೇನ್ ಕನಿಷ್ಠ ವೇತನ ಇನ್ನೊಂದು ಸಲ ಏರಿಸಿದರೆ ಮತ್ತೆ ಇದೇ ಕಥೆ. 4,500 ಕೇಳಿ ಅಂದಿದ್ದೇನೆ.